ಸೀಸದ ಸೋಲ್ಜರ್ ಮೇಲೆ ಬಿಳಿ ಪುಡಿ, ಪ್ರೈಮರ್ ಮೇಲೆ ಮಂಜು, ಮತ್ತೆ ಬೇಕಲ ಕೋಟೆ ಡೈನಿಂಗ್ ಟೇಬಲ್ ಮೇಲೆ: ಯಾವ ಸ್ಕೇಲ್, ಯಾವ ಮೆಟೀರಿಯಲ್?

ಪ್ರಶ್ನೆ: ಸಾರ್, ನಾನು ಕಾಸರಗೋಡಿನ ಬದಿಯಡ್ಕ ಹತ್ತಿರದವ, ಶಾಲೆಯಲ್ಲಿ ಮೇಷ್ಟ್ರು. ಗಲ್ಫಿಂದ ಊರಿಗೆ ಬಂದ ಮಾವ ಒಂದು ಪೆಟ್ಟಿಗೆ ಹಳೆ ಲೋಹದ ಸೋಲ್ಜರ್ ಗೊಂಬೆ ಕೊಟ್ಟಿದ್ದಾರೆ, ಬೆರಳುದ್ದದ್ದು, 54 ಮಿ.ಮೀ. ಅಂತೆ. ಜೊತೆಗೆ 28 ಮಿ.ಮೀ. ಪ್ಲಾಸ್ಟಿಕ್ ಕಿಟ್ ಒಂದು, ಇನ್ನೂ ಓಪನ್ ಮಾಡದ್ದು. ಬೆಂಗಳೂರಿನ ದೋಸ್ತಿ ತ್ರೀಡಿ ಪ್ರಿಂಟ್ ಮಾಡಿ ಕಳಿಸಿದ ರೆಸಿನ್ ಗೊಂಬೆಗಳೂ ಒಂದಷ್ಟು ಉಂಟು. ಜುಲೈಯಲ್ಲಿ ಜಗಲಿಯಲ್ಲಿ ನಿಂತು ರೆಸಿನ್ ಗೊಂಬೆಗಳಿಗೆ ಕಪ್ಪು ಸ್ಪ್ರೇ ಪ್ರೈಮರ್, ಅಂದ್ರೆ ಬಣ್ಣದ ಮೊದಲು ಕೊಡುವ ಅಡಿಕೋಟ್, ಹೊಡೆದೆ, ಎಲ್ಲಾ ಮಂಜು ಹಿಡಿದ ಹಾಗೆ ಬಿಳುಚಾಯ್ತು. ಪ್ಲೈವುಡ್ ಕಪಾಟಿನಲ್ಲಿಟ್ಟ ಲೋಹದ ಗೊಂಬೆಗಳ ಮೇಲೆ ಬಿಳಿ ಪುಡಿ ಬರ್ತಾ ಉಂಟು, ವಿನೆಗರಲ್ಲಿ ತೊಳೆ ಅಂತ ಒಬ್ಬರು ಹೇಳಿದ್ರು, ಇನ್ನೊಬ್ಬರು ಇದು ರೋಗ, ಒಂದರಿಂದ ಒಂದಕ್ಕೆ ಹರಡ್ತದೆ, ಬಿಸಾಡು ಅಂದ್ರು. ಮನೆಯಲ್ಲಿ 4 ವರ್ಷದ ಮಗಳಿದ್ದಾಳೆ, ಹೆಂಡತಿಗೆ ಹೆದರಿಕೆ. ನನ್ನ ಆಸೆ ಎಂತ ಅಂದ್ರೆ 11 ವರ್ಷದ ಮಗನ ಜೊತೆ ಬೇಕಲ ಕೋಟೆ ಮಾಡಿ, ಹೈದರಾಲಿ ಕಾಲದ ಯುದ್ಧ ಡೈನಿಂಗ್ ಟೇಬಲ್ ಮೇಲೆ ಆಡ್ಬೇಕು ಅಂತ. 28 ಮಿ.ಮೀ. ಮಾತ್ರ ಸರಿಯಾದ ಸೈಜು, ಲೋಹವೇ ಒರಿಜಿನಲ್, ಸಣ್ಣ ಸ್ಕೇಲ್ ಎಲ್ಲಾ ಕಲಿಯುವವರಿಗೆ, ರೆಸಿನ್ ವಿಷ ಅಂತೆಲ್ಲಾ ಕೇಳಿದ್ದೇನೆ. ಎಂತ ಮಾಡುದು? ಮತ್ತೆ ಗೊಂಬೆ ನಿಲ್ಲಿಸುವ ಬೇಸ್ ಮೇಲೆ ಕುಂಬಳೆ ಕಡಪ್ಪುರದ (ಕಡಲ ಬದಿಯ) ಹೊಯ್ಗೆ ಹಾಕ್ಬಹುದಾ?

ಉತ್ತರ: ಮೇಷ್ಟ್ರೇ, ಮೊದ್ಲು ಮಗಳ ವಿಷಯ ಮುಗಿಸುವ, ಉಳಿದದ್ದೆಲ್ಲಾ ಆಮೇಲೆ. ಲೋಹದ ಗೊಂಬೆಯ ಪೆಟ್ಟಿಗೆಯನ್ನು ಇವತ್ತೇ ಅವಳ ಕೈಗೆ ಸಿಗದ ಜಾಗಕ್ಕೆ ಹಾಕಿ, ಕಪಾಟಿನ ಆ ತಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಪೊರಕೆ ಬ್ರಷ್ ಹಾಕ್ಬೇಡಿ, ಬಟ್ಟೆಯನ್ನು ತೊಳೆದು ಇನ್ನೊಂದು ಸಲ ಉಪಯೋಗಿಸುದು ಬೇಡ, ಬಿಸಾಡಿ. ನಿಮ್ಮ ಹೆಂಡತಿಯವರ ಹೆದರಿಕೆಗೆ ಕಾರಣ ಉಂಟು. ಹಳೆ ಟಾಯ್ ಸೋಲ್ಜರ್ ಅಂದ್ರೆ ಬಹುಪಾಲು ಸೀಸದ ಮಿಶ್ರಲೋಹ, ಇಂಗ್ಲೆಂಡಿನ ಬ್ರಿಟನ್ಸ್ ಕಂಪೆನಿ 1893ರಲ್ಲಿ ಒಳಗೆ ಟೊಳ್ಳು ಇರುವ ಸೀಸದ ಗೊಂಬೆ ಎರಕ ಹೊಯ್ಲಿಕ್ಕೆ ಶುರು ಮಾಡಿದ ಮೇಲೆ ಈ 54 ಮಿ.ಮೀ. ಸೈಜೇ ಪ್ರಪಂಚಕ್ಕೆಲ್ಲಾ ಹಬ್ಬಿದ್ದು, 1960ರ ದಶಕದವರೆಗೂ ಸೀಸದಲ್ಲೇ ಬರ್ತಿತ್ತು. ಆ ಕಾಲದ ಪೇಂಟಲ್ಲಿ ಕೂಡಾ ಸೀಸ ಇರುವ ಸಾಧ್ಯತೆ ಉಂಟು, ಅದನ್ನು ಜನ ಮರೀತಾರೆ. ದೊಡ್ಡವರು ಮುಟ್ಟಿ ಕೈ ಸೋಪಲ್ಲಿ ತೊಳೆದ್ರೆ ಹೆಚ್ಚೇನೂ ಆಗುದಿಲ್ಲ, ಚರ್ಮದ ಮೂಲಕ ಈ ಲೋಹ ಒಳಗೆ ಹೋಗುದು ತೀರಾ ಕಮ್ಮಿ. ಅಪಾಯ ಬಾಯಿಯಿಂದ ಮತ್ತು ಧೂಳಿಂದ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ರೆ ಪರವಾಗಿಲ್ಲ ಅಂತ ಹೇಳುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಅವಳು ಅದನ್ನು ಬಾಯಿಗೆ ಹಾಕಿದ್ದಾಳೆ ಅಂತ ಸಣ್ಣ ಸಂಶಯ ಇದ್ರೂ ಮಕ್ಕಳ ಡಾಕ್ಟ್ರ ಹತ್ರ ಹೋಗಿ ರಕ್ತದಲ್ಲಿ ಸೀಸದ ಟೆಸ್ಟ್ ಮಾಡಿಸಿ, ಮನಸ್ಸಿಗೂ ನೆಮ್ಮದಿ.

ಈಗ ಆ ಬಿಳಿ ಪುಡಿ. ಅದು ರೋಗ ಅಲ್ಲ, ಒಂದು ಗೊಂಬೆಯಿಂದ ಇನ್ನೊಂದಕ್ಕೆ ಹತ್ತಿಕೊಳ್ಳುದೂ ಇಲ್ಲ. ಹತ್ತಿರ ಹತ್ತಿರ ಇಟ್ಟ ಗೊಂಬೆಗಳಿಗೆಲ್ಲಾ ಒಟ್ಟಿಗೇ ಬರ್ತದೆ, ಯಾಕಂದ್ರೆ ಎಲ್ಲಾ ಒಂದೇ ಕಪಾಟಿನ ಗಾಳಿಯಲ್ಲಿ ಕೂತದ್ದು, ಅದನ್ನು ನೋಡಿ ಹರಡಿತು ಅಂತ ಜನ ಹೇಳುದು. ನಡೆಯುದು ಎಂತ ಅಂದ್ರೆ, ಮರದಿಂದ, ಪ್ಲೈವುಡ್ಡಿಂದ, ಎಮ್‌ಡಿಎಫಿಂದ, ರಟ್ಟಿಂದ ನಿಧಾನಕ್ಕೆ ಅಸಿಟಿಕ್ ಮತ್ತು ಫಾರ್ಮಿಕ್ ಆಸಿಡಿನ ಆವಿ ಬಿಡ್ತಾ ಇರ್ತದೆ, ಮುಚ್ಚಿದ ಕಪಾಟಿನಲ್ಲಿ ಅದು ತುಂಬ್ತದೆ, ನಮ್ಮ ಊರಿನ ತೇವ ಸೇರಿದ್ರೆ ಸೀಸವನ್ನು ತಿನ್ಲಿಕ್ಕೆ ಶುರು ಮಾಡ್ತದೆ, ಆಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಸೀಸದ ಕಾರ್ಬೊನೇಟ್ ಆಗ್ತದೆ, ಆ ಬಿಳಿ ಪುಡಿ ಅದೇ. ಅದು ಗಟ್ಟಿ ಸೀಸಕ್ಕಿಂತ ಹೆಚ್ಚು ಅಪಾಯ, ಧೂಳಲ್ವಾ.

ಹಾಗಾಗಿ ವಿನೆಗರ್ ಖಂಡಿತಾ ಬೇಡ ಮಾರಾಯ್ರೆ. ವಿನೆಗರ್ ಅಂದ್ರೆ ಅದೇ ಅಸಿಟಿಕ್ ಆಸಿಡ್ ನೀರು. ತೊಳೆದ ದಿನ ಫಳಫಳ ಹೊಳೀತದೆ, ಸಂದಿಯಲ್ಲಿ ಉಳಿದ ಆಸಿಡ್ ಮುಂದಿನ ಮಳೆಗಾಲಕ್ಕೆ ಡಬಲ್ ಕೆಲಸ ಮಾಡ್ತದೆ, ಹಾಗೆ ಹಾಳಾದ ಗೊಂಬೆಗಳು ನನ್ನ ಹತ್ರ ರಿಪೇರಿಗೆ ಬರ್ತಾ ಇರ್ತವೆ. ಮಾಡ್ಬೇಕಾದ್ದು ಇಷ್ಟು: ಗ್ಲೌಸ್, ಎನ್95 ಮಾಸ್ಕ್ ಹಾಕಿ, ಮನೆ ಹೊರಗೆ ಕೂತು, ಡಿಸ್ಟಿಲ್ಡ್ ವಾಟರಲ್ಲಿ ಒದ್ದೆ ಮಾಡಿದ ಹತ್ತಿಯಲ್ಲಿ ಪುಡಿ ತೆಗೀರಿ, ಪೂರ್ತಿ ಒಣಗಿಸಿ, ಪೇಂಟ್ ಹೋದ ಜಾಗಕ್ಕೆ ತೆಳು ವಾರ್ನಿಶ್ ಕೊಡಿ. ವಾರ್ನಿಶ್ ಅದನ್ನು ನಿಧಾನ ಮಾಡ್ತದೆ ಅಷ್ಟೆ, ನಿಲ್ಲಿಸುದಿಲ್ಲ. ನಿಲ್ಲಿಸುದು ಜಾಗ ಬದಲಾಯಿಸಿದ್ರೆ ಮಾತ್ರ. ಪಾಲಿಪ್ರೊಪಿಲೀನ್ ಡಬ್ಬ, ಅಡಿಗೆಮನೆಯಲ್ಲಿ ಉಪಯೋಗಿಸುವಂಥದ್ದೇ ಸಾಕು, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಜೆಲ್ ಬಿಸಿ ಮಾಡಿ ಒಣಗಿಸುದು. ಗಾಜಿನ ಶೋಕೇಸ್ ಮಾಡಿಸುದಾದ್ರೆ ಅಂಟಿಸುವ ಸಿಲಿಕೋನ್ ಮೂಸಿ ನೋಡಿ, ಹುಳಿ ವಾಸನೆ ಬಂದ್ರೆ ಅದೂ ಅಸಿಟಿಕ್ ಆಸಿಡ್ ಬಿಡುವ ಜಾತಿಯದ್ದು, ವಾಸನೆ ಪೂರ್ತಿ ಹೋಗುವವರೆಗೆ ವಾರಗಟ್ಟಲೆ ತೆರೆದಿಡ್ಬೇಕು. ಫೆವಿಕಾಲಿನ ಜಾತಿಯ ಅಂಟು ಕೂಡಾ ಸೀಸಕ್ಕೆ ಒಳ್ಳೇದಲ್ಲ, ಅದೂ ಸ್ವಲ್ಪ ಸ್ವಲ್ಪ ಅದೇ ಆವಿ ಬಿಡ್ತದೆ.

ಈಗಿನ ಹೊಸ ಲೋಹದ ಗೊಂಬೆಗಳಿಗೆ ಈ ತೊಂದರೆ ಹೆಚ್ಚಿಲ್ಲ. 1990ರ ದಶಕದಲ್ಲಿ ದೊಡ್ಡ ಕಂಪೆನಿಗಳು ಸೀಸ ಬಿಟ್ಟು ತವರ ಜಾಸ್ತಿ ಇರುವ ವೈಟ್ ಮೆಟಲಿಗೆ ಬಂದ್ರು. ಗುರುತು ಹಿಡಿಯುದು ಹೇಗೆ ಅಂದ್ರೆ ತವರದ್ದು ಹೊಳಪು ಜಾಸ್ತಿ, ಬಗ್ಗಿಸಿದ್ರೆ ಚಿರಚಿರ ಅಂತ ಸಣ್ಣ ಶಬ್ದ, ಸೀಸದ್ದು ಮೆತ್ತಗೆ ಬಗ್ಗುತ್ತದೆ, ಕಾಗದಕ್ಕೆ ಉಜ್ಜಿದ್ರೆ ಪೆನ್ಸಿಲಿನ ಹಾಗೆ ಬೂದಿ ಗೆರೆ. ಇದು ಅಂದಾಜಿಗೆ ಮಾತ್ರ, ಸಂಶಯ ಇದ್ದದ್ದನ್ನು ಸೀಸ ಅಂತಲೇ ಲೆಕ್ಕ ಹಾಕಿ. ತವರಕ್ಕೆ ಚಳಿಯಲ್ಲಿ ಪುಡಿಪುಡಿ ಆಗುವ ಕಾಯಿಲೆ ಉಂಟು ಅಂತಲೂ ಯಾರಾದ್ರೂ ಹೇಳ್ತಾರೆ ನಿಮಗೆ, ಅದು ಶುದ್ಧ ತವರಕ್ಕೆ 13 ಡಿಗ್ರಿಗಿಂತ ಕೆಳಗೆ ನಡೆಯುವ ವಿಷಯ, ಬದಿಯಡ್ಕದಲ್ಲಿ ಅದರ ಚಿಂತೆ ಬೇಡ.

ಇನ್ನು ಸ್ಕೇಲ್. ಇಲ್ಲಿ ಸ್ವಲ್ಪ ಉದ್ದ ಬರೀತೇನೆ ಯಾಕಂದ್ರೆ ನಿಮ್ಮ ಉಳಿದ ಎಲ್ಲಾ ಪ್ರಶ್ನೆಗಳ ಬೇರು ಇಲ್ಲೇ ಇರುದು.

28 ಮಿ.ಮೀ. ಅಂತ ಹೇಳುದು ಸ್ಕೇಲೇ ಅಲ್ಲ, ಗೊಂಬೆಯ ಎತ್ತರ. ಪಾದದಿಂದ ಕಣ್ಣಿನವರೆಗೆ ಅಂತ ಕೆಲವರು ಅಳೀತಾರೆ, ತಲೆ ಮೇಲಿನವರೆಗೆ ಅಂತ ಕೆಲವರು, ಹಾಗಾಗಿ ಎರಡು ಕಂಪೆನಿಯ 28 ಪಕ್ಕಪಕ್ಕ ಇಟ್ರೆ ಒಬ್ಬ ಅಪ್ಪ ಒಬ್ಬ ಮಗ. ಅಂದಾಜಿಗೆ 28 ಮಿ.ಮೀ. ಅಂದ್ರೆ 1/56, ಅಂದ್ರೆ ನಿಜ ಅಳತೆಯ 56ನೇ ಒಂದು ಪಾಲು, 15 ಮಿ.ಮೀ. ಅಂದ್ರೆ 1/100, 6 ಮಿ.ಮೀ. ಅಂದ್ರೆ 1/300, ನಿಮ್ಮ 54 ಅಂದ್ರೆ 1/32. ವಿಮಾನದ ಕಿಟ್ ಮಾಡುವವರ 1/72 ಉಂಟಲ್ಲ, ಅದರಲ್ಲಿ ಮನುಷ್ಯ 24 ಮಿ.ಮೀ. ಹತ್ರ ಬರ್ತಾನೆ.

ಈಗ ನಿಮ್ಮ ಬೇಕಲ ಕೋಟೆಯನ್ನೇ ತೆಗೊಳ್ಳಿ. ಸುಮಾರು 40 ಎಕ್ರೆ. ಚೌಕ ಅಂತ ಇಟ್ಕೊಂಡ್ರೆ ಒಂದು ಬದಿ 400 ಮೀಟರ್. ಅದನ್ನು 28 ಮಿ.ಮೀ. ಗೊಂಬೆಗೆ ಸರಿಯಾಗಿ ಮಾಡ್ಲಿಕ್ಕೆ ಹೊರಟ್ರೆ ಒಂದೊಂದು ಬದಿ 7 ಮೀಟರ್ ಬೇಕು, ನಿಮ್ಮ ಡೈನಿಂಗ್ ಟೇಬಲ್ ಅಲ್ಲ, ಅಡಿಕೆ ಒಣಗಿಸುವ ಅಂಗಳ ಬೇಕಾದೀತು. 15 ಮಿ.ಮೀ.ಗೆ 4 ಮೀಟರ್. 6 ಮಿ.ಮೀ.ಗೆ 1.3 ಮೀಟರ್, ಅದು ಟೇಬಲ್ ಮೇಲೆ ಹೆಚ್ಚುಕಮ್ಮಿ ಕೂತ್ಕೊಳ್ತದೆ. ಬಂದೂಕಿನ ಲೆಕ್ಕವೂ ಹಾಗೆಯೇ. ಆ ಕಾಲದ ಮಸ್ಕೆಟ್ 100 ಮೀಟರಿಗೆ ಹೊಡೀತದೆ ಅಂತ ಇಟ್ಕೊಳ್ಳಿ, 28 ಮಿ.ಮೀ.ನಲ್ಲಿ ಅದು 1.8 ಮೀಟರ್, ಅಂದ್ರೆ 6 ಅಡಿಯ ಟೇಬಲಿನ ಈ ತುದಿಯಿಂದ ಆ ತುದಿ. ಆಟ ಶುರುವಾಗುವ ಮೊದಲೇ ಎಲ್ಲರೂ ಎಲ್ಲರಿಗೆ ಹೊಡೀಬಹುದು, ಅದಕ್ಕೇ ನಿಯಮ ಬರೆಯುವವರು ಗೊಂಬೆಗೆ ಒಂದು ಸ್ಕೇಲ್, ನೆಲಕ್ಕೆ ಇನ್ನೊಂದು ಸ್ಕೇಲ್ ಅಂತ ಮಾಡಿ, ಒಂದು ಗೊಂಬೆ 20 ಜನ ಸೈನಿಕರಿಗೆ ಸಮ, ಒಂದು ಇಂಚು ಇಷ್ಟು ಗಜ ಅಂತೆಲ್ಲಾ ಒಪ್ಪಂದ ಮಾಡಿಕೊಳ್ಳುದು. ಅದು ಮೋಸ ಅಲ್ಲ. ಆದ್ರೆ ಹಾಗೆ ಮಾಡಿದಾಗ ಕಣ್ಣಿಗೆ ಕಾಣುದು 30 ಜನರ ಜಗಳ, ಕಾಗದದಲ್ಲಿ ಅದು ಪಟಾಲಮ್ಮು. ಕೆಲವರಿಗೆ ಇದು ಸರಿ ಹೋಗ್ತದೆ, ಕೆಲವರಿಗೆ ಇಲ್ಲ. 6 ಮಿ.ಮೀ.ನಲ್ಲಿ ಸೈನ್ಯ ಸೈನ್ಯದ ಹಾಗೆಯೇ ಕಾಣ್ತದೆ, ಮನುಷ್ಯನ ಮುಖ ಮಾತ್ರ ಕಾಣುದಿಲ್ಲ.

ಹಾಗಾಗಿ ಸಣ್ಣ ಸ್ಕೇಲ್ ಕಲಿಯುವವರಿಗೆ ಅನ್ನುದು ಸುಳ್ಳು. ನನ್ನ ಅನುಭವದಲ್ಲಿ 6 ಮಿ.ಮೀ. ಚಂದ ಮಾಡುದು ಬೇರೆಯೇ ವಿದ್ಯೆ. ಬೆಳಕು ಗೊಂಬೆಯ ಜೊತೆ ಸಣ್ಣದಾಗುದಿಲ್ಲ ನೋಡಿ. ನಿಜವಾದ ಮನುಷ್ಯನ ಅಂಗಿಯ ಮಡಿಕೆಯಲ್ಲಿ ನೆರಳು ತನ್ನಷ್ಟಕ್ಕೆ ಬೀಳ್ತದೆ, ಬೆರಳ ತುದಿಯಷ್ಟರ ಗೊಂಬೆಯ ಮಡಿಕೆಗೆ ಸುತ್ತಲಿಂದ ಬೆಳಕು ಹೊಕ್ಕಿ ನೆರಳೇ ನಿಲ್ಲುದಿಲ್ಲ, ನೆರಳನ್ನು ನಾವು ಬಣ್ಣದಲ್ಲಿ ಬರೀಬೇಕು. ಗೊಂಬೆ ಸಣ್ಣದಾದ ಹಾಗೆ ಆ ನೆರಳು ಬೆಳಕಿನ ವ್ಯತ್ಯಾಸ ಜೋರಾಗ್ಬೇಕು, ಬಣ್ಣ ತಿಳಿ ಆಗ್ಬೇಕು. ಯಕ್ಷಗಾನದ ಬಣ್ಣದ ವೇಷ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಹತ್ತಿರ ಕೂತು ನೋಡಿದ್ರೆ ಎಷ್ಟು ಒರಟು ಗೆರೆ, ಅದೇ ರಾತ್ರಿ ಗದ್ದೆಯ ಕೊನೆ ಸಾಲಿನಿಂದ ನೋಡಿದಾಗ ಮುಖ ಎದ್ದು ಬರ್ತದಲ್ವಾ, 6 ಮಿ.ಮೀ. ಪೇಂಟಿಂಗ್ ಅದೇ ಲೆಕ್ಕ. ಮೈಸೂರು ಸೈನಿಕನ ಅಂಗಿಗೆ ಪುಸ್ತಕದಲ್ಲಿ ಕಂಡ ಕಡು ಬಣ್ಣವನ್ನೇ ಹಾಗೇ ಹಾಕಿದ್ರೆ ಮೂರು ಅಡಿ ದೂರದಿಂದ ಕಪ್ಪು ಚುಕ್ಕಿ ಮಾತ್ರ.

54 ಮಿ.ಮೀ.ನಲ್ಲಿ ಇದರ ಉಲ್ಟಾ. ಅಲ್ಲಿ ಬಟ್ಟೆಯ ದೊಡ್ಡ ಬಯಲು ಇರ್ತದೆ, ವಾಶ್, ಅಂದ್ರೆ ನೀರು ನೀರಾದ ಬಣ್ಣ, ಹಾಕಿದ್ರೆ ಕಲೆ ಕಲೆಯಾಗಿ ನಿಲ್ತದೆ, ಒಂದೇ ಕೋಟಲ್ಲಿ ಮುಗಿಯುವ ಕಾಂಟ್ರಾಸ್ಟ್ ಜಾತಿಯ ಪೇಂಟ್ ಅಂತೂ ಹರಿದಾಡಿ ಗಲೀಜು, ನಿಧಾನಕ್ಕೆ ಒಂದು ಬಣ್ಣವನ್ನು ಇನ್ನೊಂದಕ್ಕೆ ಸೇರಿಸಿಕೊಂಡು ಹೋಗ್ಬೇಕು, ಅದಕ್ಕೆ ಆಯಿಲ್ ಪೇಂಟ್ ಒಳ್ಳೇದು, ನಿಧಾನಕ್ಕೆ ಒಣಗುದರಿಂದ ಸೇರಿಸ್ಲಿಕ್ಕೆ ಟೈಮ್ ಕೊಡ್ತದೆ. 28 ಮಿ.ಮೀ. ನಡುವಿನದ್ದು. ಅದರ ಗೊಂಬೆಗಳ ಕೈ ತಲೆ ಕತ್ತಿ ಎಲ್ಲಾ ದಪ್ಪ ದಪ್ಪ ಇರುದನ್ನು ನೀವು ನೋಡಿರ್ತೀರಿ, ಶಿಲ್ಪಿಗೆ ಬಾರದೆ ಅಲ್ಲ. 5 ಮಿ.ಮೀ. ದಪ್ಪದ ಕತ್ತಿಯನ್ನು 56ರಿಂದ ಭಾಗಿಸಿ ನೋಡಿ, 0.09 ಮಿ.ಮೀ. ಬರ್ತದೆ, ಅದನ್ನು ಎರಕ ಹೊಯ್ಲಿಕ್ಕೂ ಆಗುದಿಲ್ಲ, ಹೊಯ್ದರೂ ಮಗ ಕೈಯಲ್ಲಿ ಹಿಡಿದ ಕೂಡ್ಲೇ ಹೋಗ್ತದೆ. ದಪ್ಪ ಮಾಡಿದ್ದು ಮೆಟೀರಿಯಲಿನ ಒತ್ತಾಯಕ್ಕೆ. ಅದರ ಲಾಭ ಪೇಂಟ್ ಮಾಡುವವನಿಗೂ ಸಿಕ್ಕಿತು, ಉಬ್ಬು ತಗ್ಗು ಜಾಸ್ತಿ ಇದ್ದ ಕಾರಣ ವಾಶ್ ತಗ್ಗಿಗೆ ಇಳೀತದೆ, ಡ್ರೈಬ್ರಶ್, ಅಂದ್ರೆ ಹೆಚ್ಚುಕಮ್ಮಿ ಒಣ ಬ್ರಷ್ಷಲ್ಲಿ ಸವರಿದ ಬಣ್ಣ, ಉಬ್ಬಿಗೆ ಹತ್ತುತದೆ, ಹೊಸಬರಿಗೂ ಬೇಗ ಚಂದ ಬರ್ತದೆ. 28 ಮಿ.ಮೀ. ಜನಪ್ರಿಯ ಆಗಿರುದಕ್ಕೆ ಇದೂ ದೊಡ್ಡ ಕಾರಣ, 1983ರಲ್ಲಿ ಬಂದ ವಾರ್‌ಹ್ಯಾಮರ್ ಅನ್ನುವ ಗೊಂಬೆ ಯುದ್ಧದ ಆಟ ಮತ್ತದರ ನಂತರದ ಫ್ಯಾಂಟಸಿ ಆಟಗಳೆಲ್ಲಾ ಹೆಚ್ಚುಕಮ್ಮಿ ಇದೇ ದಪ್ಪ ಗೊಂಬೆಯ ದಾರಿಯಲ್ಲೇ ಬೆಳೆದದ್ದು. ಅದರರ್ಥ ಅದೊಂದೇ ಸರಿಯಾದ ಸೈಜು ಅಂತಲ್ಲ.

ಪೇಂಟಿನ ದಪ್ಪವನ್ನೂ ಒಮ್ಮೆ ಲೆಕ್ಕ ಹಾಕಿ. ಒಂದು ಪ್ರೈಮರ್ ಕೋಟ್ ಮಿಲಿಮೀಟರಿನ ನಲವತ್ತನೇ ಒಂದು ಪಾಲು, 25 ಮೈಕ್ರಾನ್ ಅಂತ ಇಟ್ಕೊಳ್ಳುವ. 54ರ ಗೊಂಬೆಗೆ ಅದು ನಿಜ ಅಳತೆಯಲ್ಲಿ 0.8 ಮಿ.ಮೀ., ಬಟ್ಟೆಯಷ್ಟು. 28ಕ್ಕೆ 1.4 ಮಿ.ಮೀ. 6ಕ್ಕೆ 7.5 ಮಿ.ಮೀ., ಅಂದ್ರೆ ಸೈನಿಕನ ಮುಖಕ್ಕೆ ಗೋಡೆಯ ಗಾರೆ ಹಾಕಿದಷ್ಟು. ಎರಡು ಕೋಟ್ ಹೊಡೆದ್ರೆ ಮೂಗು ಬಾಯಿ ಮುಚ್ಚಿತು. ಭಾರವೂ ಹಾಗೇ, ಎತ್ತರ ಡಬಲ್ ಆದ್ರೆ ಭಾರ ಎಂಟು ಪಟ್ಟು, ಹಾಗಾಗಿ ಗಟ್ಟಿ ಲೋಹದ 54 ಗೊಂಬೆ 28ಕ್ಕಿಂತ ಏಳು ಪಟ್ಟು ಹತ್ರ ಭಾರ, ಕೈ ಜಾರಿ ಸಿಮೆಂಟ್ ನೆಲಕ್ಕೆ ಬಿದ್ರೆ ತನ್ನ ಭಾರಕ್ಕೇ ಕಾಲು ಮುರಿದುಕೊಳ್ತದೆ. ಹಳೆಯವರು ಒಳಗೆ ಟೊಳ್ಳು ಮಾಡಿದ್ದು ಸೀಸದ ಖರ್ಚು ಉಳಿಸ್ಲಿಕ್ಕೆ, ಭಾರವೂ ಇಳೀತು.

ಈಗ ಮೆಟೀರಿಯಲ್. ಲೋಹವೇ ಒರಿಜಿನಲ್ ಅನ್ನುವವರು ಕೈಯಲ್ಲಿ ತೂಗುವ ಸುಖಕ್ಕೆ ಹೇಳುದು, ಆ ಸುಖ ನನಗೂ ಇಷ್ಟ. ಆದ್ರೆ ಯಾವ ಗೊಂಬೆ ಯಾವ ಮೆಟೀರಿಯಲಲ್ಲಿ ಬರ್ತದೆ ಅನ್ನುದನ್ನು ಅಚ್ಚಿನ ಖರ್ಚು ನಿರ್ಧಾರ ಮಾಡ್ತದೆ. ಗಟ್ಟಿ ಪ್ಲಾಸ್ಟಿಕ್, ಅಂದ್ರೆ ಪಾಲಿಸ್ಟೈರೀನ್, ಉಕ್ಕಿನ ಅಚ್ಚಲ್ಲಿ ಒತ್ತಡದಲ್ಲಿ ತುಂಬುದು, ಅಚ್ಚಿಗೆ ತುಂಬಾ ದುಡ್ಡು, ಸಾವಿರಾರು ಬಾಕ್ಸ್ ಮಾರಾಟ ಆಗುವ ವಿಷಯಕ್ಕೆ ಮಾತ್ರ ಮಾಡ್ತಾರೆ, ಎರಡನೇ ಮಹಾಯುದ್ಧ, ನೆಪೋಲಿಯನ್, ಫ್ಯಾಂಟಸಿ. ಲೋಹಕ್ಕೆ ರಬ್ಬರ್ ಅಚ್ಚು ಸಾಕು, ತಿರುಗಿಸಿ ಎರಕ ಹೊಯ್ತಾರೆ, ಒಬ್ಬನೇ ಮನುಷ್ಯ ಶೆಡ್ಡಲ್ಲಿ ಮಾಡ್ಬಹುದು. ಹಾಗಾಗಿ ಹೈದರ್ ಟಿಪ್ಪು ಕಾಲದ ಸೈನ್ಯದಂಥ ಸಣ್ಣ ಮಾರುಕಟ್ಟೆಯ ವಿಷಯ ಹುಡುಕಿದ್ರೆ ನಿಮಗೆ ಸಿಗುದು ಲೋಹ ಅಥವಾ ಪ್ರಿಂಟ್ ಫೈಲ್, ಪ್ಲಾಸ್ಟಿಕ್ ಬಾಕ್ಸ್ ಸಿಗುದು ಕಷ್ಟ.

ಗಟ್ಟಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟ್ ಹಾಕಿ, ಅದು ಅಂಟು ಅಲ್ಲ, ಎರಡು ಬದಿಯನ್ನೂ ಕರಗಿಸಿ ಒಂದು ಮಾಡುದು, ಮಗ ಬೀಳಿಸಿದ್ರೂ ಬಿಡುದಿಲ್ಲ. ಲೋಹಕ್ಕೆ, ರೆಸಿನಿಗೆ ಅದು ಹಿಡಿಯುದೇ ಇಲ್ಲ, ಫೆವಿಕ್ವಿಕ್ ಬೇಕು. ಫೆವಿಕ್ವಿಕ್ ಗಾಳಿಯ ತೇವದಿಂದಲೇ ಗಟ್ಟಿಯಾಗುದು, ಮಳೆಗಾಲದಲ್ಲಿ ಬೇಗ ಹಿಡೀತದೆ, ಆದ್ರೆ ಸುತ್ತ ಬಿಳಿ ಮಂಜು ಬಿಡ್ತದೆ, ಹಾಗಾಗಿ ಬೆರಳ ತುದಿಯಷ್ಟಲ್ಲ, ಸೂಜಿ ಮೊನೆಯಷ್ಟು. ಲೋಹದ ಕೈ ನಿಲ್ಲುದಿಲ್ಲ ಅಂದ್ರೆ ತೂತು ಕೊರೆದು ಒಳಗೆ ತಂತಿ ಕೊಡ್ಬೇಕು. ಆ ತಂತಿಗೆ ಪೇಪರ್ ಕ್ಲಿಪ್ ಹಾಕಿ ಅಂತ ಎಲ್ಲರೂ ಹೇಳ್ತಾರೆ, ನಮ್ಮ ಕಡಲ ಬದಿಯಲ್ಲಿ ಅದು ತುಕ್ಕು ಹಿಡಿದು ಪೇಂಟಿನ ಮೇಲೆ ಕಂದು ಕಲೆ ಬರ್ತದೆ, ಹಿತ್ತಾಳೆ ತಂತಿ ಹಾಕಿ. ಅಗ್ಗದ 1/72 ಸೋಲ್ಜರ್ ಬಾಕ್ಸ್ ಮೆತ್ತನೆಯ ಪಾಲಿಎಥಿಲೀನ್, ಬಕೆಟ್ ಪ್ಲಾಸ್ಟಿಕ್ಕಿನ ಜಾತಿ, ಅದಕ್ಕೆ ಯಾವ ಅಂಟೂ ಸರಿ ಹಿಡಿಯುದಿಲ್ಲ, ಬಂದೂಕು ಬಗ್ಗಿದ ಕೂಡ್ಲೇ ಪೇಂಟ್ ಸಿಪ್ಪೆ ಏಳ್ತದೆ. ಸೋಪಲ್ಲಿ ತೊಳೆದು, ಮೊದಲ ಕೋಟ್ ತೆಳು ಫೆವಿಕಾಲ್ ಕೊಟ್ರೆ ಸ್ವಲ್ಪ ತಡೀತದೆ. ಬೋರ್ಡ್ ಗೇಮಿನ ಮೆತ್ತಗಿನ ಪಿವಿಸಿ ಗೊಂಬೆಗೆ ಕೆಲವು ಸ್ಪ್ರೇ ಪ್ರೈಮರ್ ಹೊಡೆದ್ರೆ ವರ್ಷ ಹೋದ್ರೂ ಅಂಟಂಟಾಗಿಯೇ ಉಳೀತದೆ, ಅದು ಹವೆಯ ತಪ್ಪಲ್ಲ.

ಹವೆಯ ತಪ್ಪು ನಿಮ್ಮ ಜುಲೈಯ ಪ್ರೈಮರಿನದ್ದು. ಡಬ್ಬದಿಂದ ಬಂದ ಸಾಲ್ವೆಂಟ್ ಆವಿ ಆಗುವಾಗ ಮೇಲ್ಮೈ ತಣ್ಣಗಾಗ್ತದೆ, ತೇವದ ಗಾಳಿಯಿಂದ ಅಲ್ಲಿ ಇಬ್ಬನಿ ಕೂತು ಪೇಂಟ್ ಒಳಗೆ ಸಿಕ್ಕಿಹಾಕಿಕೊಳ್ತದೆ, ಮಂಜು ಅದೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬರುವ ಜಿಲ್ಲೆ ನಮ್ಮದು, ಜೂನಿಂದ ಸೆಪ್ಟೆಂಬರ್ ತನಕ ಜಗಲಿಯಲ್ಲಿ ಸ್ಪ್ರೇ ಡಬ್ಬ ಮುಟ್ಟಬೇಡಿ. ಬ್ರಷ್ಷಲ್ಲಿ ಹಾಕುವ ನೀರಿನ ಅಕ್ರಿಲಿಕ್ ಪ್ರೈಮರ್ ಸಿಗ್ತದೆ, ಎರಡು ತೆಳು ಕೋಟ್, ಒಣಗ್ಲಿಕ್ಕೆ ಇಡೀ ರಾತ್ರಿ ಬಿಡಿ. ಇನ್ನೊಂದು ತಪ್ಪು ಉಂಟು, ಅದು ಏಪ್ರಿಲಲ್ಲಿ ಬರುದು: ಬಿಸಿಲಲ್ಲಿ ದೂರದಿಂದ ಹೊಡೆದ್ರೆ ಪೇಂಟ್ ಗಾಳಿಯಲ್ಲೇ ಒಣಗಿ ಗೊಂಬೆ ಮೇಲೆ ರವೆ ಹಾಗೆ ಕೂರ್ತದೆ. ಅದಕ್ಕೆ ಒಂದು ಗೇಣು ದೂರದಿಂದ, ನೆರಳಲ್ಲಿ. ನಿಮ್ಮದು ಬರೇ ಮಂಜಾದ್ರೆ ತೆಗೆಯುದೇ ಬೇಡ, ಹೇಗೂ ಮೇಲೆ ಬಣ್ಣ ಬರ್ತದೆ, ಒಣ ದಿನ ಒಂದು ತೆಳು ಕೋಟ್ ಸಾಕು. ತೆಗೀಲೇಬೇಕು ಅಂದ್ರೆ ಲೋಹದ್ದು ಅಸಿಟೋನಿಗೆ ತಡೀತದೆ, ಪ್ಲಾಸ್ಟಿಕ್ಕಿಗೆ ಅಸಿಟೋನಾಗಲೀ ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಆಗಲೀ ತಾಗಿಸಿದ್ರೆ ಗೊಂಬೆಯೇ ಕರಗ್ತದೆ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ. ಪ್ರಿಂಟ್ ರೆಸಿನನ್ನು ಅದರಲ್ಲೂ ಹೆಚ್ಚು ಹೊತ್ತು ನೆನೆಸ್ಬೇಡಿ, ಒರೆಸಿ ತೆಗೆಯುದು. ನಿಮ್ಮದು ರೆಸಿನ್ನೇ ಆದ್ದರಿಂದ ನಾನಾದ್ರೆ ಹಾಗೇ ಬಿಟ್ಟು ಮೇಲೆ ಬಣ್ಣ ಹಾಕ್ತೇನೆ.

ರೆಸಿನ್ ವಿಷ ಅನ್ನುದು ಅರ್ಧ ನಿಜ. ಪೂರ್ತಿ ಗಟ್ಟಿಯಾದ ಗೊಂಬೆ ಕೈಯಲ್ಲಿ ಹಿಡಿದ್ರೆ ಏನೂ ಇಲ್ಲ. ದ್ರವ ರೆಸಿನ್, ಮತ್ತು ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಇರುವ ಗೊಂಬೆ, ಅದು ಚರ್ಮಕ್ಕೆ ಅಲರ್ಜಿ ಮಾಡ್ತದೆ, ಒಮ್ಮೆ ಅಲರ್ಜಿ ಬಂದ್ರೆ ಮತ್ತೆ ಜೀವನಪೂರ್ತಿ ಬಿಡುದಿಲ್ಲ, ಆಮೇಲೆ ಸ್ವಲ್ಪ ತಾಗಿದ್ರೂ ಸಾಕು. ದೋಸ್ತಿ ಕಳಿಸಿದ್ದನ್ನು ಮುಟ್ಟಿ ನೋಡಿ, ಅಂಟು ಇದ್ರೆ ನೈಟ್ರೈಲ್ ಗ್ಲೌಸ್ ಹಾಕಿ ಆಲ್ಕೋಹಾಲಲ್ಲಿ ತೊಳೆದು ಬಿಸಿಲಿಗಿಡಿ, ಅದು ಯುವಿ ಬೆಳಕಿಗೆ ಗಟ್ಟಿಯಾಗುವ ವಸ್ತು, ನಮ್ಮ ಬಿಸಿಲಿಗೆ ಬೇಗ ಆಗ್ತದೆ. ದಿನಗಟ್ಟಲೆ ಬಿಡ್ಬೇಡಿ, ಅತಿಯಾದ್ರೆ ಕಡ್ಡಿ ಹಾಗೆ ಮುರಿಯುವಷ್ಟು ಬಿರುಸು. ದೊಡ್ಡ ಗೊಂಬೆ ಟೊಳ್ಳಾಗಿದ್ದು ಅಡಿಯಲ್ಲಿ ತೂತಿಲ್ಲದಿದ್ರೆ ಒಳಗೆ ದ್ರವ ಉಳಿದು ತಿಂಗಳುಗಳ ನಂತರ ಒಡೆದು ಸೋರ್ತದೆ, ಅಂಥದ್ದು ಮಕ್ಕಳ ಹತ್ರ ಬೇಡ. ಮರಳುಕಾಗದ ಉಜ್ಜುವಾಗ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ. ನಾಳೆ ನೀವೇ ಪ್ರಿಂಟರ್ ತೆಗೊಂಡ್ರೆ ತೊಳೆದ ಆಲ್ಕೋಹಾಲನ್ನಾಗಲೀ ನೀರನ್ನಾಗಲೀ ಅಂಗಳಕ್ಕೆ ಚೆಲ್ಲಬೇಡಿ, ಇದನ್ನು ಕೈ ಮುಗಿದು ಹೇಳ್ತೇನೆ. ನಮ್ಮದು ಮುರಕಲ್ಲಿನ (ತೂತು ತೂತಿನ ಕೆಂಪು ಕಲ್ಲಿನ) ನೆಲ, ಮೇಲೆ ಚೆಲ್ಲಿದ್ದು ಬಾವಿಗೂ, ಗುಡ್ಡ ಕೊರೆದು ಮಾಡಿದ ಸುರಂಗದ ನೀರಿಗೂ ಇಳೀತದೆ. ಅಗಲ ಪಾತ್ರೆಯಲ್ಲಿ ಬೆಂಕಿಯಿಂದ ದೂರ ಬಿಸಿಲಿಗಿಟ್ಟು, ರೆಸಿನ್ ಗಟ್ಟಿಯಾಗಿ ಕೆಳಗೆ ಕೂತ ಮೇಲೆ ಅದನ್ನು ಕಸಕ್ಕೆ ಹಾಕ್ಬೇಕು.

ಹಾಗಾದ್ರೆ ನೀವು ಎಂತ ಮಾಡುದು. ನಿಮ್ಮ ಜಾಗದಲ್ಲಿ ನಾನಿದ್ರೆ 54ರ ಗೊಂಬೆಗಳನ್ನು ಆಟಕ್ಕೆ ತೆಗೆಯುದೇ ಇಲ್ಲ, ಡಬ್ಬದಲ್ಲಿ ಜೋಪಾನ ಮಾಡಿ ಇಟ್ಟು ಹಳೆ ಪೇಂಟನ್ನೂ ಹಾಗೇ ಬಿಡ್ತೇನೆ, ಕೆರೆದು ಹೊಸ ಪೇಂಟ್ ಮಾಡಿದ್ರೆ ಬೆಲೆಯೂ ಹೋಗ್ತದೆ, ಸೀಸದ ಧೂಳೂ ಏಳ್ತದೆ. ಮಗನ ಜೊತೆ ಶುರು ಮಾಡ್ಲಿಕ್ಕೆ ಆ ಓಪನ್ ಮಾಡದ 28ರ ಪ್ಲಾಸ್ಟಿಕ್ ಕಿಟ್ಟೇ ಎಲ್ಲಕ್ಕಿಂತ ಒಳ್ಳೇದು, ಸೀಸ ಇಲ್ಲ, ಗಟ್ಟಿ ಉಂಟು, ಕತ್ತರಿಸಿ ಅಂಟಿಸುವ ಸುಖ ಉಂಟು, ಸಿಮೆಂಟ್ ಹಾಕುವಾಗ ಮಾತ್ರ ಕಿಟಕಿ ತೆರೆದಿಡಿ. ಅದರಲ್ಲಿ ಇಡೀ ಕೋಟೆ ಬೇಡ. ಒಂದು ಬಾಗಿಲು, ಒಂದು ಬುರುಜು, ಆಚೆ ಈಚೆ ಹತ್ತತ್ತು ಜನ, ರಾತ್ರಿ ಗುಟ್ಟಲ್ಲಿ ನುಗ್ಗುವ ಒಂದು ಜಗಳ. ಅದು ನಾಲ್ಕು ಅಡಿ ಟೇಬಲಲ್ಲಿ ಚಂದ ಆಗ್ತದೆ, 11 ವರ್ಷದ ಹುಡುಗನಿಗೆ ಪ್ರತಿ ಗೊಂಬೆಗೂ ಒಂದು ಹೆಸರಿಡ್ಲಿಕ್ಕೂ ಆಗ್ತದೆ. ಇಡೀ ಬೇಕಲ ಬೇಕು ಅನ್ನುವ ಆಸೆ ಬಿಡ್ಬೇಡಿ, ಅದನ್ನು 6 ಮಿ.ಮೀ.ಗೆ ಇಡಿ. 1650ರ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, 1763ರಲ್ಲಿ ಹೈದರನ ಕೈಗೆ ಬಂದದ್ದು, ಆ ಕಡಲಿಗೆ ಚಾಚಿದ ಬುರುಜು, ಮೇಲಿನ ವೀಕ್ಷಣೆ ಗೋಪುರ, ಎಲ್ಲಾ ಒಟ್ಟಿಗೆ ಕಾಣ್ಬೇಕಾದ್ರೆ ಅದೇ ಸೈಜು. ಹತ್ತಿರವೇ ಉಂಟಲ್ಲ, ಮಗನನ್ನು ಕರ್ಕೊಂಡು ಹೋಗಿ ಗೋಡೆಯನ್ನು ಹೆಜ್ಜೆಯಲ್ಲಿ ಅಳೀರಿ, ಆಮೇಲೆ 300ರಿಂದ ಭಾಗಿಸ್ಲಿ ಅವನೇ.

ಗೋಡೆಗೆ ಥರ್ಮೋಕೋಲ್ ಸಾಕು, ಗಟ್ಟಿ ಫೋಮ್ ಶೀಟ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಎರಡಕ್ಕೂ ಫೆವಿಕ್ವಿಕ್, ಸ್ಪ್ರೇ ಪ್ರೈಮರ್ ನೇರ ತಾಗಿಸ್ಬೇಡಿ, ಕರಗಿ ಹೊಂಡ ಬೀಳ್ತದೆ, ಅದೂ ಪಾಲಿಸ್ಟೈರೀನೇ. ಮೊದ್ಲು ಫೆವಿಕಾಲಿಗೆ ನೀರು ಬೆರೆಸಿ ಎರಡು ಕೋಟ್ ಕೊಡಿ, ಸೀಸದ ಗೊಂಬೆಯ ಹತ್ರ ಇಡದಿದ್ರೆ ಆಯ್ತು. ಕೋಟೆಯ ಬಣ್ಣಕ್ಕೆ ಅಂಗಡಿಯ ಫೆವಿಕ್ರಿಲ್, ಕ್ಯಾಮೆಲ್ ಅಕ್ರಿಲಿಕ್ ಧಾರಾಳ ಆಯ್ತು, ದುಬಾರಿ ಮಿನಿಯೇಚರ್ ಪೇಂಟನ್ನು ಗೊಂಬೆಗೆ ಉಳಿಸಿ. ಅಂಗಡಿ ಪೇಂಟ್ ಗೊಂಬೆಗೂ ಹಾಕ್ಬಹುದು, ಪಿಗ್ಮೆಂಟ್ ಸ್ವಲ್ಪ ದಪ್ಪ ಇರುದರಿಂದ ನೀರು ಮಾಡಿ ಎರಡು ಮೂರು ಕೋಟ್ ಬೇಕು, 28ರಲ್ಲಿ ನಡೀತದೆ, 6ರಲ್ಲಿ ಡೀಟೇಲ್ ಮುಚ್ಚಿ ಹೋಗ್ತದೆ.

ಹೊಯ್ಗೆ ವಿಷಯ ಕೇಳಿದ್ರಿ. ಕುಂಬಳೆ ಕಡಪ್ಪುರದ್ದು ಹಾಗೇ ಹಾಕ್ಬೇಡಿ, ಉಪ್ಪು ತೇವ ಎಳೀತದೆ, ಪೇಂಟ್ ಏಳ್ತದೆ, ಬೇಸಿನ ಅಡಿಯಲ್ಲಿ ಮ್ಯಾಗ್ನೆಟ್ ಇದ್ರೆ ತುಕ್ಕು. ಬಾವಿ ನೀರಲ್ಲಿ ನಾಲ್ಕೈದು ಸಲ ತೊಳೆದು ಬಿಸಿಲಲ್ಲಿ ಒಣಗಿಸಿದ್ರೆ ಆಗ್ತದೆ. ಆದ್ರೆ ನಮ್ಮ ಊರಿನ ನೆಲ ಕಾಣ್ಬೇಕು ಅಂದ್ರೆ ಮುರಕಲ್ಲು ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡೀರಿ. 28ರ ಗೊಂಬೆಯ ಬೇಸ್ ಮೇಲೆ 1 ಮಿ.ಮೀ. ಕಾಳು ಅಂದ್ರೆ ಐದೂವರೆ ಸೆಂಟಿಮೀಟರಿನ ಜಲ್ಲಿ, ಸರಿಯಾಗ್ತದೆ. ಅದೇ ಕಾಳು 6ರಲ್ಲಿ ಒಂದು ಅಡಿಯ ಬಂಡೆ, ಅಲ್ಲಿಗೆ ಜಾಲರಿಯಲ್ಲಿ ಇಳಿದ ನುಣ್ಣಗಿನ ಕೆಂಪು ಧೂಳು ಮಾತ್ರ.